ಎರಡು ಕೊಲ್ಹಾರ, ಒಂದು ಗಂಟು

ಕೊಲ್ಹಾರದಿಂದ ತಂದೆಯೊಬ್ಬರು ಪತ್ರ ಬರೆದಿದ್ದಾರೆ. ಎರಡು ಪುಟದ ಪತ್ರ, ಅವರು ಮಾತನಾಡುವ ಹಾಗೆಯೇ ಇದೆ. ‘ನಮ್ಮ ಹುಡುಗಿ ಇಂಜಿನಿಯರಿಂಗ್ ಕಡೀ ವರ್ಷ ಓದಾಕತ್ತಾಳ್ರಿ. ಪ್ರಾಜೆಕ್ಟ್ ಮಾಡಬೇಕಂತ. ಎಕ್ಸ್‌ಎಂಎಲ್ ಕಡತಾನ ಜಾವಾಕ್ಕ ಕಟ್ಟೂ ತಂತ್ರಾಂಶ ಮಾಡಿ ಎಲ್ಲಾರಿಗೂ ಪುಕ್ಕಟೆ ಕೊಡತೀನಿ ಅಂತಾಳ. ಅವರ ಮಾಸ್ತರು, ಇಂಥಾವು ಆಗಲೇ ಭಾಳ ಅದಾವು, ಬ್ಯಾರೆ ವಿಷಯ ತಗೋ ಅಂದಾರ. ಪ್ಯಾಟ್ಯಾಗ ತಯಾರ್ ಪ್ರಾಜೆಕ್ಟ್ ಸಿಗತಾವಂತ, ರೊಕ್ಕ ಕೊಟ್ರ ರಿಪೋರ್ಟ್ ಸಮೇತ ಕೊಡತಾರಂತ. ಕೊಂಡು ಕೊಡಲೇನ್ರಿ? ಇಲ್ಲಾ ಆಕಿ ಹೇಳೂದರಾಗ ಏನರ ಹುರುಳು ಐತೇನು?’

ಹುರುಳು ಇದೆ. ಆದರೆ ಮಾಸ್ತರು ಹೇಳಿದ್ದರಲ್ಲೂ ಹುರುಳಿದೆ. ಎರಡೂ ಹೇಗೆ ಸರಿ ಎಂಬುದನ್ನು ಹೇಳಬೇಕಾದರೆ ಮೊದಲು ಈ ‘ಕಟ್ಟುವುದು’ ಎಂದರೇನು ಎಂದು ನೋಡಬೇಕು. ಇಂಗ್ಲಿಷಿನಲ್ಲಿ ಇದಕ್ಕೆ ಬೈಂಡಿಂಗ್ ಎನ್ನುತ್ತಾರೆ. ಪುಸ್ತಕದ ಬೈಂಡಿಂಗಿಗೂ ಇದಕ್ಕೂ ಸಂಬಂಧವಿಲ್ಲ.

ಹಳೇ ಕೊಲ್ಹಾರ ಆಲಮಟ್ಟಿಯ ಹಿನ್ನೀರಿಗೆ ಹೋಯಿತು, ಜನ ಹೊಸ ಊರಿಗೆ ಬಂದರು. ಪತ್ರ ಬರೆದ ತಂದೆಗೆ ಅದನ್ನು ನಾನು ಹೇಳಬೇಕಾಗಿಲ್ಲ. ಒಂದು ಮನೆ ಊರು ಬಿಡುವುದನ್ನು ಕಣ್ಣ ಮುಂದೆ ತಂದುಕೊಳ್ಳಿ. ಸಾಮಾನು ಗಂಟು ಕಟ್ಟುತ್ತಾರೆ. ಜಾಣರಾದವರು ಪ್ರತಿ ಗಂಟಿನ ಮೇಲೂ ಒಂದು ಚೀಟಿ ಅಂಟಿಸುತ್ತಾರೆ: ‘ಅಡುಗೆ ಮನೆ ಪಾತ್ರೆ’, ‘ದೇವರ ಸಾಮಾನು’, ‘ಹೊಲದ ಕಾಗದಪತ್ರ’. ಹೊಸ ಮನೆಯಲ್ಲಿ ಚೀಟಿ ನೋಡಿ ಯಾವ ಗಂಟು ಯಾವ ಕೋಣೆಗೆ ಎಂದು ಇಳಿಸುತ್ತಾರೆ. ಚೀಟಿ ಇಲ್ಲದಿದ್ದರೆ ಒಂದೊಂದನ್ನೂ ಬಿಚ್ಚಿ ನೋಡಬೇಕು.

ಎಕ್ಸ್‌ಎಂಎಲ್ ಎಂದರೆ ಚೀಟಿ ಅಂಟಿಸಿದ ಗಂಟು. ಮಾಹಿತಿಯ ಪ್ರತಿ ತುಣುಕಿನ ಹಿಂದೆ ಮುಂದೆ ಅದೇನೆಂದು ಬರೆದಿರುತ್ತದೆ. ಜಾವಾ ಎಂಬುದು ಪ್ರೋಗ್ರಾಂ ಬರೆಯುವ ಭಾಷೆ, 1995ರಲ್ಲಿ ಸನ್ ಮೈಕ್ರೋಸಿಸ್ಟಮ್ಸ್ ಕಂಪೆನಿ ಹೊರತಂದದ್ದು. ಅದರಲ್ಲಿ ಮಾಹಿತಿ ‘ಆಬ್ಜೆಕ್ಟ್’ ಎಂಬ ಮನೆಗಳಲ್ಲಿ ಇರುತ್ತದೆ. ಹೆಸರಿಗೊಂದು ಕೋಣೆ, ಊರಿಗೊಂದು ಕೋಣೆ, ಅಂಕಗಳಿಗೊಂದು ಕೋಣೆ. ಗಂಟಿನಲ್ಲಿರುವುದನ್ನು ಚೀಟಿ ನೋಡಿ ಸರಿಯಾದ ಕೋಣೆಗೆ ಇಳಿಸುವುದು, ಬೇಕಾದಾಗ ಕೋಣೆಯಲ್ಲಿರುವುದನ್ನು ಮತ್ತೆ ಚೀಟಿ ಅಂಟಿಸಿ ಗಂಟು ಕಟ್ಟುವುದು, ಇಷ್ಟೇ ಬೈಂಡಿಂಗ್. ಕೈಯಿಂದ ಮಾಡಹೊರಟರೆ ನೂರು ಬಗೆಯ ಗಂಟಿಗೆ ನೂರು ಸಲ ಅದೇ ಸಾಲುಗಳನ್ನು ಬರೆಯಬೇಕು. ತಂತ್ರಾಂಶವೇ ಮಾಡಿದರೆ ಆ ದುಡಿತ ಉಳಿಯುತ್ತದೆ.

ಇದೆಲ್ಲ ಬೆಂಗಳೂರಿನ ಕಂಪೆನಿಗಳ ಮಾತು, ನಮಗೇಕೆ ಎನ್ನಬೇಡಿ. ಮನೆಯ ಕಂಪ್ಯೂಟರಿನಲ್ಲಿ ಈಚಿನ ಎಕ್ಸೆಲ್ ಕಡತವೊಂದಿದ್ದರೆ ಅದರ ಪ್ರತಿ ಮಾಡಿಕೊಂಡು, ಹೆಸರಿನ ಬಾಲವನ್ನು ‘ಜಿಪ್’ ಎಂದು ಬದಲಿಸಿ ತೆರೆಯಿರಿ. ಒಳಗೆ ಸಿಗುವುದು ಒಂದು ರಾಶಿ ಎಕ್ಸ್‌ಎಂಎಲ್ ಕಡತಗಳು. 2018ಕ್ಕೆ ಮುಂಚಿನ ಆಧಾರ್ ಪತ್ರಗಳ ಮೇಲಿದ್ದ ಚೌಕಾಕಾರದ ಕ್ಯೂಆರ್ ಗುರುತಿನಲ್ಲಿ ಅಡಗಿದ್ದುದೂ ಒಂದು ತುಂಡು ಎಕ್ಸ್‌ಎಂಎಲ್: ಹೆಸರು, ಊರು, ಜಿಲ್ಲೆ, ಪಿನ್ ಕೋಡ್, ಎಲ್ಲಕ್ಕೂ ಚೀಟಿ. ಆದಾಯ ತೆರಿಗೆ ವಿವರಗಳನ್ನು 2020–21ರ ಕರನಿರ್ಧಾರ ವರ್ಷದವರೆಗೆ ಎಕ್ಸ್‌ಎಂಎಲ್ ಕಡತವಾಗಿ ಸಲ್ಲಿಸುತ್ತಿದ್ದರು. ಕೊಲ್ಹಾರದ ಬಸ್ ನಿಲ್ದಾಣದಲ್ಲಿ ಗಡಿಗೆ ಮೊಸರು ಕೊಂಡು ಫೋನಿನಿಂದ ಹಣ ಕೊಟ್ಟರೆ, 2016ರಲ್ಲಿ ಆರಂಭವಾದ ಯುಪಿಐ ವ್ಯವಸ್ಥೆಯೊಳಗೆ ಬ್ಯಾಂಕಿನಿಂದ ಓಡುವ ಸಂದೇಶವೂ ಎಕ್ಸ್‌ಎಂಎಲ್ ರೂಪದ್ದೇ. ಮೊಸರಿನ ರುಚಿಗೆ ಅದರಿಂದ ಏನೂ ಆಗುವುದಿಲ್ಲ ಬಿಡಿ.

ಇನ್ನು ಮಾಸ್ತರು ಹೇಳಿದ ಮಾತು. ಎಕ್ಸ್‌ಎಂಎಲ್‌ನ ಮೊದಲ ನಿಯಮಾವಳಿ 1998ರ ಫೆಬ್ರವರಿ 10ರಂದು ಅಂಗೀಕಾರವಾಯಿತು. ಮರುವರ್ಷವೇ, 1999ರಲ್ಲಿ, ಅದನ್ನು ಜಾವಾದ ಜತೆ ಕಟ್ಟುವ ಕ್ರಮವೊಂದು ಬೇಕೆಂದು ಸನ್ ಕಂಪೆನಿ ಜಾವಾ ಸಮುದಾಯದ ಮುಂದೆ ಪ್ರಸ್ತಾವ ಇಟ್ಟಿತು. ಅದು ಆ ಸಮುದಾಯದ 31ನೇ ಪ್ರಸ್ತಾವ. ಅದು ಹಣ್ಣಾಗಿ ‘ಜ್ಯಾಕ್ಸ್‌ಬಿ’ ಎಂಬ ಹೆಸರಿನಲ್ಲಿ ಹೊರಬರುವ ಹೊತ್ತಿಗೆ 2003 ಆಗಿತ್ತು. ಅಷ್ಟರವರೆಗೆ ಜನ ಕೈಕಟ್ಟಿ ಕೂರಲಿಲ್ಲ. ಕ್ಯಾಸ್ಟರ್ ಎಂಬ ಮುಕ್ತ ತಂತ್ರಾಂಶ ಬಂತು. ಆಮೇಲೆ ಜಿಬ್ಎಕ್ಸ್, ಎಕ್ಸ್‌ಸ್ಟ್ರೀಮ್ ಬಂದವು. ಆದ್ದರಿಂದ ‘ಇನ್ನೊಂದು ಕಟ್ಟುವ ತಂತ್ರಾಂಶ’ ಎಂದು ಹುಡುಗಿ ಪ್ರಸ್ತಾವ ಬರೆದರೆ, ಮಾಸ್ತರು ಕೇಳಿದ್ದನ್ನೇ ಯಾರಾದರೂ ಕೇಳುತ್ತಾರೆ.

ಆದರೆ ಆ ಸಾಲಿನಲ್ಲಿ ಎಕ್ಸ್‌ಎಂಎಲ್‌ಬೀನ್ಸ್ ಎಂಬುದೊಂದಿದೆ. ಅದರ ಕಥೆಯನ್ನು ಮಾಸ್ತರಿಗೂ ಹೇಳಬೇಕೆನಿಸುತ್ತದೆ. ಬಿಇಎ ಎಂಬ ಕಂಪೆನಿ ಅದನ್ನು ತನಗಾಗಿ ಬರೆದುಕೊಂಡು 2003ರಲ್ಲಿ ಅಪಾಚೆ ಪ್ರತಿಷ್ಠಾನಕ್ಕೆ ಒಪ್ಪಿಸಿತು. ಅಪಾಚೆಯವರು ಕೊಟ್ಟದ್ದನ್ನೆಲ್ಲ ಕಣ್ಣುಮುಚ್ಚಿ ತೆಗೆದುಕೊಳ್ಳುವವರಲ್ಲ. ಪ್ರಸ್ತಾವ ಬರೆಯಬೇಕು. ಇದು ಏನು ಮಾಡುತ್ತದೆ, ಇಂಥದ್ದು ಈಗಾಗಲೇ ಏನೇನಿದೆ, ನೋಡಿಕೊಳ್ಳುವವರು ಯಾರು, ಒಬ್ಬ ಕಂಪೆನಿಯವರು ಕೈಬಿಟ್ಟರೆ ಗತಿ ಏನು ಎಂದು ವಿವರಿಸಬೇಕು. ಆಮೇಲೆ ‘ಇನ್‌ಕ್ಯುಬೇಟರ್’ ಎಂಬಲ್ಲಿ ಕೆಲಕಾಲ ಕಾವಿಗೆ ಕೂರಬೇಕು, ಕೋಳಿಮೊಟ್ಟೆಯ ಹಾಗೆ. ಎಕ್ಸ್‌ಎಂಎಲ್‌ಬೀನ್ಸ್ ಅದನ್ನೆಲ್ಲ ದಾಟಿತು. ವರ್ಷಗಳು ಉರುಳಿದ ಮೇಲೆ ನೋಡಿಕೊಳ್ಳುವವರು ಕರಗಿ, 2014ರಲ್ಲಿ ಅದನ್ನು ಅಪಾಚೆಯ ಅಟ್ಟಕ್ಕೆ ಏರಿಸಿದರು. ಅಟ್ಟ ಎಂಬುದು ನನ್ನ ವರ್ಣನೆಯಲ್ಲ, ನಿವೃತ್ತ ತಂತ್ರಾಂಶಗಳ ವಿಭಾಗಕ್ಕೆ ಅವರು ಇಟ್ಟ ಹೆಸರಿನ ಅರ್ಥವೇ ಅದು. ಆದರೆ ಎಕ್ಸೆಲ್, ವರ್ಡ್ ಕಡತಗಳನ್ನು ಜಾವಾದಿಂದ ಓದುವ ‘ಪಿಒಐ’ ಎಂಬ ಇನ್ನೊಂದು ಅಪಾಚೆ ತಂತ್ರಾಂಶ ಇದರ ಮೇಲೆಯೇ ನಿಂತಿತ್ತು. ಕೊನೆಗೆ 2018ರಲ್ಲಿ ಪಿಒಐ ನಡೆಸುವವರೇ ಅದನ್ನು ಅಟ್ಟದಿಂದ ಇಳಿಸಿ ತಮ್ಮ ಮನೆಗೆ ಸೇರಿಸಿಕೊಂಡರು. ಬರೆದ ಕಂಪೆನಿ 2008ರಲ್ಲಿ ಒರಾಕಲ್ ಪಾಲಾಗಿ ಹೆಸರಿಲ್ಲದಂತಾಗಿತ್ತು. ಮೂಲ ಬರಹ ಎಲ್ಲರ ಕೈಗೆ ಸಿಗುವಂತಿದ್ದುದರಿಂದ ತಂತ್ರಾಂಶ ಮಾತ್ರ ಉಳಿಯಿತು.

ಜ್ಯಾಕ್ಸ್‌ಬಿಗೂ ಅದೇ ಹಾದಿಯ ಒಂದು ತಿರುವು ಬಂತು. 2006ರ ಕೊನೆಯಲ್ಲಿ ಬಂದ ಜಾವಾ 6ರಿಂದ ಅದು ಜಾವಾದ ಹೊಟ್ಟೆಯೊಳಗೇ ಇತ್ತು. 2018ರ ಸೆಪ್ಟೆಂಬರಿನಲ್ಲಿ ಬಂದ ಜಾವಾ 11ರಲ್ಲಿ ಅದನ್ನು ತೆಗೆದುಹಾಕಿದರು. ನಿನ್ನೆಯವರೆಗೆ ಓಡುತ್ತಿದ್ದ ಪ್ರೋಗ್ರಾಂಗಳು ನಿಂತವು. ಈಗ ಎಕ್ಲಿಪ್ಸ್ ಪ್ರತಿಷ್ಠಾನದ ಆಶ್ರಯದಲ್ಲಿ ‘ಜಕಾರ್ತಾ’ ಎಂಬ ಹೆಸರಿನಡಿ ಅದು ಮುಂದುವರಿದಿದೆ, ಬೇರೆಯಾಗಿ ತಂದು ಸೇರಿಸಿಕೊಳ್ಳಬೇಕು. 2020ರಲ್ಲಿ ಒಳಗಿನ ಹೆಸರುಗಳೂ ಬದಲಾದವು. ಹಳೆಯ ಪುಸ್ತಕ ನೋಡಿ ಪ್ರೋಗ್ರಾಂ ಬರೆಯುವ ವಿದ್ಯಾರ್ಥಿಗಳು ಮುಗ್ಗರಿಸುವುದು ಬಹುಪಾಲು ಇಲ್ಲಿಯೇ. ತಪ್ಪು ನಿಮ್ಮದಲ್ಲ, ಪುಸ್ತಕ ಹಳತಾಗಿದೆ.

ಸರಿ, ಹಾಗಾದರೆ ಕೊಲ್ಹಾರದ ಹುಡುಗಿ ಪ್ರಸ್ತಾಪಿಸಬೇಕಾದ್ದೇನು? ಉತ್ತರ ಅವಳ ಊರಿನ ಹೆಸರಿನಲ್ಲೇ ಇದೆ.

ಅಂಕಪಟ್ಟಿಯೊಂದರ ಸಣ್ಣ ತುಂಡು ಹೀಗಿದೆ ಎಂದಿಟ್ಟುಕೊಳ್ಳಿ:

<ವಿದ್ಯಾರ್ಥಿ>
<ಹೆಸರು>ಗೌರಮ್ಮ</ಹೆಸರು>
<ಊರು>ಕೊಲ್ಹಾರ</ಊರು>
<ಅಂಕ>೮೬</ಅಂಕ>
</ವಿದ್ಯಾರ್ಥಿ>

ಚೀಟಿಗಳನ್ನೂ ಕನ್ನಡದಲ್ಲೇ ಬರೆದಿದ್ದೇನೆ. ನಗಬೇಡಿ, ಇದು ನಿಯಮಕ್ಕೆ ಸರಿಯಾಗಿಯೇ ಇದೆ. ಎಕ್ಸ್‌ಎಂಎಲ್ ಹುಟ್ಟಿದಾಗಿನಿಂದ ಯೂನಿಕೋಡನ್ನು ಒಪ್ಪಿಕೊಂಡಿದೆ, ಕನ್ನಡ ಅಕ್ಷರದ ಚೀಟಿ ಅದಕ್ಕೆ ಸಮ್ಮತ. ಜಾವಾದಲ್ಲೂ ‘ವಿದ್ಯಾರ್ಥಿ’ ಎಂಬ ಹೆಸರಿನ ಕ್ಲಾಸ್, ಅದರೊಳಗೆ ‘ಹೆಸರು’ ಎಂಬ ಕೋಣೆ ಇಡಬಹುದು. ಕೋಣೆಯೊಳಗಿನದನ್ನು ತೆಗೆಯುವ ‘ಗೆಟ್’ ಕ್ರಿಯೆಗೆ ಮುಂದಿನ ಅಕ್ಷರವನ್ನು ದೊಡ್ಡಕ್ಷರ ಮಾಡಬೇಕೆಂಬ ಒಂದು ಪದ್ಧತಿ ಜಾವಾದಲ್ಲಿದೆ. ಕನ್ನಡದಲ್ಲಿ ದೊಡ್ಡಕ್ಷರ ಚಿಕ್ಕಕ್ಷರ ಇಲ್ಲವಲ್ಲ, ಹಾಗಾಗಿ ಆ ತಾಪತ್ರಯವೂ ಇಲ್ಲ.

ತಾಪತ್ರಯ ಇರುವುದು ಬೇರೆಡೆ. ಕೊಲ್ಹಾರ ಎಂಬ ಪದದ ಮೊದಲ ಅಕ್ಷರ ‘ಕೊ’. ಯೂನಿಕೋಡಿನಲ್ಲಿ ಇದನ್ನು ಬರೆಯಲು ಎರಡು ದಾರಿಗಳಿವೆ. ಕ-ಕಾರಕ್ಕೆ ಒ-ಕಾರದ ಒಂದೇ ಚಿಹ್ನೆ ಸೇರಿಸುವುದು ಒಂದು. ಕ-ಕಾರಕ್ಕೆ ಮೊದಲು ಎ-ಕಾರದ ಎತ್ವ, ಅದರ ಮೇಲೆ ಊ-ಕಾರದ ಕೊಂಬು ಸೇರಿಸುವುದು ಇನ್ನೊಂದು. ತೆರೆಯ ಮೇಲೆ, ಕಾಗದದ ಮೇಲೆ ಎರಡೂ ಒಂದೇ ಥರ ಕಾಣುತ್ತವೆ. ನೀವು ಭೂತಕನ್ನಡಿ ಹಿಡಿದರೂ ವ್ಯತ್ಯಾಸ ಸಿಗದು. ಆದರೆ ಕಂಪ್ಯೂಟರ್ ಎಣಿಸುವಾಗ ಮೊದಲನೆಯ ಕೊಲ್ಹಾರದಲ್ಲಿ 7 ಸಂಕೇತಗಳು, ಎರಡನೆಯದರಲ್ಲಿ 8. ಇವೆರಡೂ ಒಂದೇನಾ ಎಂದು ಜಾವಾವನ್ನು ಕೇಳಿ, ‘ಅಲ್ಲ’ ಎನ್ನುತ್ತದೆ.

ಎರಡನೆಯ ರೂಪ ಎಲ್ಲಿಂದ ಬರುತ್ತದೆ? ಯೂನಿಕೋಡ್ ಬಳಕೆಗೆ ಬರುವ ಮುನ್ನ ನುಡಿ ಮೊದಲಾದ ತಂತ್ರಾಂಶಗಳ ಹಳೆಯ ಅಕ್ಷರಶೈಲಿಗಳಲ್ಲಿ ನಾವು ರಾಶಿ ರಾಶಿ ಕನ್ನಡವನ್ನು ಬೆರಳಚ್ಚಿಸಿದ್ದೇವೆ. ಅವುಗಳಲ್ಲಿ ಅಕ್ಷರದ ಚಿತ್ರದ ತುಂಡುಗಳು ಮಾತ್ರ ಇರುತ್ತಿದ್ದವು. ‘ಕೊ’ ಎಂದರೆ ‘ಕೆ’ಯ ಚಿತ್ರ, ಪಕ್ಕದಲ್ಲಿ ಕೊಂಬಿನ ಚಿತ್ರ. ಆ ಕಡತಗಳನ್ನು ಯೂನಿಕೋಡಿಗೆ ಬದಲಿಸುವ ಪ್ರೋಗ್ರಾಂ ಎಚ್ಚರದಿಂದ ಬರೆದದ್ದಾದರೆ ಎರಡು ತುಂಡನ್ನೂ ಸೇರಿಸಿ ಒಂದು ಚಿಹ್ನೆ ಮಾಡುತ್ತದೆ. ಅವಸರದಲ್ಲಿ ಬರೆದದ್ದಾದರೆ ತುಂಡು ತುಂಡಾಗಿಯೇ ಬಿಡುತ್ತದೆ. ಹೀಗೆ ಹಳೆಯ ಕಡತದಿಂದ ಬಂದ ಕೊಲ್ಹಾರ ಒಂದು, ಹೊಸದಾಗಿ ಬೆರಳಚ್ಚಿಸಿದ ಕೊಲ್ಹಾರ ಇನ್ನೊಂದು. ನೀರಿನಲ್ಲಿ ಹಳೇ ಊರು, ದಡದಲ್ಲಿ ಹೊಸ ಊರು ಇದ್ದ ಹಾಗೆಯೇ ಆಯಿತು. ‘ಕೊಲ್ಹಾರದ ವಿದ್ಯಾರ್ಥಿಗಳ ಪಟ್ಟಿ ಕೊಡು’ ಎಂದರೆ ಕಂಪ್ಯೂಟರ್ ಅರ್ಧ ಜನರನ್ನಷ್ಟೇ ತೋರಿಸೀತು. ಉಳಿದವರು ಎಲ್ಲಿ ಎಂದರೆ ಯಾರಿಗೂ ತಿಳಿಯದು, ಏಕೆಂದರೆ ಕಣ್ಣಿಗೆ ಎಲ್ಲವೂ ಸರಿಯಾಗಿಯೇ ಇದೆ. ವಿದ್ಯಾರ್ಥಿವೇತನದ ಪಟ್ಟಿಯಲ್ಲಿ ಹೆಸರಿಲ್ಲ ಎಂದು ಅಲೆದವರಿಗೆ ಇದರ ಬಿಸಿ ಗೊತ್ತಾಗುತ್ತದೆ.

ಇನ್ನೂ ಒಂದು ಅದೃಶ್ಯ ಅಕ್ಷರವಿದೆ. ‘ರಾಜ್‌ಕುಮಾರ್’ ಎಂದು ಬರೆಯುವಾಗ ಜ-ಕಾರಕ್ಕೆ ಕ-ಒತ್ತು ಬಾರದಂತೆ ನಡುವೆ ಒಂದು ಕಾಣದ ಗುರುತು ಹಾಕುತ್ತೇವೆ. ಅಲ್ಲಿ ಅದು ಬೇಕೇ ಬೇಕು. ಆದರೆ ಕೀಲಿಮಣೆಯ ಅಭ್ಯಾಸಬಲದಿಂದ ಪದದ ಕೊನೆಗೂ, ‘ಕುಮಾರ್’ ಎಂಬಲ್ಲಿನ ಅರ್ಧಾಕ್ಷರದ ಮುಂದೆಯೂ, ಅದು ಬಂದು ಕೂರುತ್ತದೆ. ಅಲ್ಲಿ ಅದಕ್ಕೆ ಕೆಲಸವಿಲ್ಲ. ಕಾಣುವುದಿಲ್ಲ, ಆದರೆ ಇದ್ದೇ ಇರುತ್ತದೆ. ಈ ಕುಮಾರ್ ಬೇರೆ, ಆ ಕುಮಾರ್ ಬೇರೆ.

ಅಂಕಗಳದ್ದು ಮತ್ತೊಂದು ಕಥೆ. ಮೇಲಿನ ತುಂಡಿನಲ್ಲಿ ೮೬ ಎಂದು ಕನ್ನಡ ಅಂಕಿಯಲ್ಲಿದೆ. ಜಾವಾದ ಸಂಖ್ಯೆ ಓದುವ ಸಾಮಾನ್ಯ ಸಲಕರಣೆಗೆ ಕನ್ನಡ ಅಂಕಿ ಬರುತ್ತದೆ, ೮೬ನ್ನು 86 ಎಂದೇ ಓದುತ್ತದೆ. ಆದರೆ ಎಕ್ಸ್‌ಎಂಎಲ್ ಕಡತದ ನಕ್ಷೆ ಎನ್ನಬಹುದಾದ ಸ್ಕೀಮಾದ ನಿಯಮದಲ್ಲಿ ಪೂರ್ಣಾಂಕ ಎಂದರೆ 0ಯಿಂದ 9ರವರೆಗಿನ ಇಂಗ್ಲಿಷ್ ಅಂಕಿಗಳು ಮಾತ್ರ. ಹೀಗೆ ಒಂದು ಮನೆಯಲ್ಲಿ ಒಪ್ಪಿದ್ದನ್ನು ಇನ್ನೊಂದು ಮನೆ ತಿರಸ್ಕರಿಸುತ್ತದೆ.

ಇದಕ್ಕೆಲ್ಲ ಹೊಸದಾಗಿ ಕಟ್ಟುವ ತಂತ್ರಾಂಶ ಬೇಕಾಗಿಲ್ಲ. ಜ್ಯಾಕ್ಸ್‌ಬಿಯಲ್ಲಿ ‘ಅಡಾಪ್ಟರ್’ ಎಂಬ ಏರ್ಪಾಡಿದೆ. ಗಂಟು ಕೋಣೆಗೆ ಇಳಿಯುವ ಹೊಸ್ತಿಲಲ್ಲಿ ಒಬ್ಬ ಕಾವಲಿನವನನ್ನು ನಿಲ್ಲಿಸಿದ ಹಾಗೆ. ಒಳಗೆ ಬರುವಾಗ ಏನು ಮಾಡಬೇಕು, ಹೊರಗೆ ಹೋಗುವಾಗ ಏನು ಮಾಡಬೇಕು ಎಂದು ಎರಡು ಕ್ರಿಯೆ ಬರೆದುಕೊಟ್ಟರೆ ಸಾಕು. ಎರಡು ರೂಪದ ‘ಕೊ’ವನ್ನು ಒಂದು ಮಾಡುವ ‘ನಾರ್ಮಲೈಜರ್’ ಎಂಬ ಸಲಕರಣೆ ಜಾವಾ 6ರಿಂದಲೂ ಇದೆ. ಆದರೆ ಅದು ಕಾಣದ ಗುರುತನ್ನು ತೆಗೆಯುವುದಿಲ್ಲ, ಕನ್ನಡ ಅಂಕಿಯನ್ನು ಮುಟ್ಟುವುದಿಲ್ಲ. ಪದದ ಕೊನೆಯಲ್ಲಿದ್ದರೆ ತೆಗೆ, ನಡುವೆ ಇದ್ದರೆ ಬಿಡು ಎಂಬ ವಿವೇಕವನ್ನು ಕನ್ನಡ ಬಲ್ಲವರೇ ಬರೆಯಬೇಕು. ‘ರ‍್ಯಾಂಕ್’ ಎಂಬಲ್ಲಿ ರ-ಕಾರ ಅರ್ಕಾವತ್ತಾಗದಂತೆ ತಡೆಯುವ ಗುರುತು ಇನ್ನೊಂದು ಜಾತಿಯದು. ಅದನ್ನು ಕಿತ್ತರೆ ರೂಪವೇ ಕೆಡುತ್ತದೆ. ಇದು ಅಮೆರಿಕದಲ್ಲಿ ಕುಳಿತವರಿಗೆ ಹೊಳೆಯುವುದು ಕಷ್ಟ, ಕೊಲ್ಹಾರದ ಹುಡುಗಿಗೆ ಸುಲಭ.

ಆದ್ದರಿಂದ ನನ್ನ ಸಲಹೆ: ಪ್ರಸ್ತಾವದ ಹೆಸರನ್ನೇ ಸಣ್ಣದು ಮಾಡಲಿ. ‘ಎಕ್ಸ್‌ಎಂಎಲ್‌ನಿಂದ ಜಾವಾಕ್ಕೆ ಬರುವ ಕನ್ನಡ ಪಠ್ಯಕ್ಕೆ ಅಡಾಪ್ಟರುಗಳ ಮುಕ್ತ ಸಂಗ್ರಹ’ ಎಂದಿರಲಿ. ಮೊದಲ ಪುಟದಲ್ಲಿ ಈಗಾಗಲೇ ಏನೇನಿದೆ ಎಂಬ ಪಟ್ಟಿ ಇರಲಿ, ಮಾಸ್ತರ ಪ್ರಶ್ನೆಗೆ ಉತ್ತರ ಅಲ್ಲಿಯೇ ಸಿಗುತ್ತದೆ. ಎರಡನೆಯ ಪುಟದಲ್ಲಿ ಎರಡು ಕೊಲ್ಹಾರಗಳನ್ನು ಮುದ್ರಿಸಿ, ಪಕ್ಕದಲ್ಲಿ 7 ಮತ್ತು 8 ಎಂದು ಬರೆಯಲಿ. ಪರೀಕ್ಷಕರು ಒಂದು ನಿಮಿಷ ಸುಮ್ಮನಾಗುತ್ತಾರೆ. ತಿದ್ದುವ ಭಾಗವನ್ನು ಎಕ್ಸ್‌ಎಂಎಲ್‌ಗೆ ಗಟ್ಟಿಯಾಗಿ ಅಂಟಿಸದೆ ಬೇರೆಯಾಗಿ ಇಡುವುದು ಲೇಸು. ಆದಾಯ ತೆರಿಗೆಯವರು 2021–22ರ ಕರನಿರ್ಧಾರ ವರ್ಷದಿಂದ ಎಕ್ಸ್‌ಎಂಎಲ್ ಬಿಟ್ಟು ಜೇಸನ್ ಎಂಬ ಬೇರೆ ಬಗೆಯ ಗಂಟಿಗೆ ಹೋದರು. ಗಂಟು ಬದಲಾದರೂ ಕನ್ನಡ ಅದೇ ತಾನೆ?

ಎರಡು ಕಡೆ ಎಚ್ಚರ ಬೇಕು. ಒಂದು, ಡಿಜಿಟಲ್ ಸಹಿ ಇರುವ ಕಡತಗಳು. ಆಧಾರ್‌ನ ಆಫ್‌ಲೈನ್ ಕೆವೈಸಿ ಕಡತ ಅಂಥದ್ದು. ಅದರಲ್ಲಿ ಒಂದು ಚಿಹ್ನೆ ಬದಲಾದರೂ, ಒಳ್ಳೆಯದಕ್ಕೇ ಬದಲಾಯಿಸಿದರೂ, ಸಹಿ ಮುರಿಯುತ್ತದೆ. ಮೊದಲು ಸಹಿ ಪರೀಕ್ಷಿಸಬೇಕು, ಮೂಲ ಕಡತವನ್ನು ಹಾಗೆಯೇ ಇಟ್ಟುಕೊಳ್ಳಬೇಕು, ತಿದ್ದುವುದೇನಿದ್ದರೂ ಕೋಣೆಯೊಳಗಿನ ಪ್ರತಿಯಲ್ಲಿ. ಇನ್ನೊಂದು, ತಿದ್ದುವ ಹುಮ್ಮಸ್ಸು ಅತಿಯಾಗಬಾರದು. ಹಳೆಯ ದಾಖಲೆಯಲ್ಲಿ ‘ಬಿಜಾಪುರ ಜಿಲ್ಲೆ, ಬಸವನ ಬಾಗೇವಾಡಿ ತಾಲೂಕು’ ಎಂದಿರುತ್ತದೆ. ಜಿಲ್ಲೆಯ ಹೆಸರು 2014ರ ನವೆಂಬರ್ 1ರಿಂದ ವಿಜಯಪುರ, ಕೊಲ್ಹಾರ ಈಗ ತಾನೇ ಒಂದು ತಾಲೂಕು. ಆದರೂ ಪ್ರೋಗ್ರಾಂ ಅದನ್ನು ಬದಲಾಯಿಸಕೂಡದು. ಒಂದೇ ಪದದ ಎರಡು ಬರವಣಿಗೆಯನ್ನು ಒಂದು ಮಾಡುವುದು ಯಂತ್ರದ ಕೆಲಸ. ಬೇರೆ ಪದವನ್ನು ಬದಲಿಸುವುದು ದಾಖಲೆ ತಿದ್ದಿದಂತೆ, ಅದಕ್ಕೆ ಕಚೇರಿಯೇ ಇದೆ.

ತಂದೆಯವರ ಪತ್ರದ ಕೊನೆಯಲ್ಲಿ ಇನ್ನೊಂದು ಸಾಲಿದೆ: ‘ಪುಕ್ಕಟೆ ಕೊಟ್ರ ಆಕಿಗೇನು ಸಿಗತೈತ್ರಿ?’ ನ್ಯಾಯವಾದ ಪ್ರಶ್ನೆ. ಮುಕ್ತ ತಂತ್ರಾಂಶ ಎಂದರೆ ಹಕ್ಕು ಬಿಟ್ಟುಕೊಡುವುದಲ್ಲ. ಅಪಾಚೆ ಲೈಸೆನ್ಸ್ 2.0ರಂಥ ಪರವಾನಗಿಯ ಅಡಿಯಲ್ಲಿ ಕೊಟ್ಟರೆ ಬರೆದವಳ ಹಕ್ಕುಸ್ವಾಮ್ಯ ಅವಳಲ್ಲೇ ಉಳಿಯುತ್ತದೆ, ಬಳಸಿ ಹಂಚುವವರು ಅವಳ ಹೆಸರಿನ ಸೂಚನೆಯನ್ನು ಅಳಿಸುವಂತಿಲ್ಲ. ತಂತ್ರಾಂಶಕ್ಕೆ ಯಾವ ಖಾತರಿಯೂ ಇಲ್ಲ ಎಂಬ ಷರತ್ತೂ ಅದರಲ್ಲಿದೆ. ಆದ್ದರಿಂದ ನಾಳೆ ಯಾರದೋ ಪ್ರೋಗ್ರಾಂ ಕೆಟ್ಟಿತೆಂದು ನಿಮ್ಮ ಮನೆ ಬಾಗಿಲಿಗೆ ಬಂದಾರೆಂಬ ಭಯ ಬೇಡ. ಕಾಲೇಜಿನಲ್ಲಿ ಮಾಡಿದ ಪ್ರಾಜೆಕ್ಟಿನ ಹಕ್ಕು ಯಾರದು ಎಂಬ ಬಗ್ಗೆ ಕಾಲೇಜಿನ ನಿಯಮ ಏನಾದರೂ ಇದ್ದರೆ ಮೊದಲೇ ಕೇಳಿ, ಬರವಣಿಗೆಯಲ್ಲಿ ಪಡೆದುಕೊಳ್ಳಲಿ.

ಪೇಟೆಯ ತಯಾರು ಪ್ರಾಜೆಕ್ಟಿನ ಬಗ್ಗೆ ಹೆಚ್ಚು ಹೇಳುವುದಿಲ್ಲ. ಕೆಲಸದ ಸಂದರ್ಶನದಲ್ಲಿ ಪ್ರಾಜೆಕ್ಟಿನ ಮೇಲೆ ಕೇಳುವ ಮೊದಲ ಪ್ರಶ್ನೆಯೇ ‘ಇದನ್ನು ಹೀಗೇಕೆ ಮಾಡಿದಿರಿ?’ ಎಂದು. ಕೊಂಡವರ ಬಳಿ ರಸೀದಿ ಇರುತ್ತದೆ, ಉತ್ತರ ಇರುವುದಿಲ್ಲ. ಆ ರೊಕ್ಕದಲ್ಲಿ ಹುಡುಗಿಗೆ ಕೆಲ ತಿಂಗಳ ಇಂಟರ್ನೆಟ್ ಹಾಕಿಸಿಕೊಡಿ. ಉಳಿದದ್ದೆಲ್ಲ, ಜಾವಾ, ಜ್ಯಾಕ್ಸ್‌ಬಿ, ಬರೆಯಲು ಬೇಕಾದ ಎಕ್ಲಿಪ್ಸ್, ಎಲ್ಲವೂ ದುಡ್ಡಿಲ್ಲದೆ ಸಿಗುತ್ತವೆ.

ಇನ್ನೊಂದು ವಿಷಯ, ಇದು ಹುಡುಗಿಗೆ. ತಂತ್ರಾಂಶ ಪರೀಕ್ಷಿಸಲು ಮಾದರಿ ಕಡತಗಳು ಬೇಕಾಗುತ್ತವೆ. ಮನೆಯಲ್ಲಿ ಹತ್ತಿರ ಸಿಗುವುದು ಅಪ್ಪನ ಆಧಾರ್, ತಮ್ಮನ ಅಂಕಪಟ್ಟಿ. ಅವನ್ನು ಮಾತ್ರ ಮುಟ್ಟಬೇಡ, ತಾಯಿ. ಮುಕ್ತ ತಂತ್ರಾಂಶದ ಜತೆ ಮಾದರಿ ಕಡತವೂ ಲೋಕಕ್ಕೆಲ್ಲ ತೆರೆದುಕೊಳ್ಳುತ್ತದೆ. ಆಮೇಲೆ ಅಳಿಸಿದರೂ ಹಳೆಯ ಪ್ರತಿಗಳ ಚರಿತ್ರೆಯಲ್ಲಿ ಅದು ಉಳಿದೇ ಇರುತ್ತದೆ. ಕಟ್ಟಿದ ಹೆಸರು, ಕಟ್ಟಿದ ಅಂಕ ಹಾಕಿ ನಿನ್ನದೇ ಒಂದು ಹತ್ತಿಪ್ಪತ್ತು ಕಡತ ಬರೆದುಕೋ. ಊರಿನ ಹೆಸರೊಂದು ನಿಜವಾದದ್ದಿರಲಿ, ಎರಡು ಬಗೆಯಲ್ಲೂ.